ಹೊಟ್ಟಿನ ಲೆಕ್ಕ

ಮಂಡಿಪೇಟೆಯ ಗೋಣಿಚೀಲದಂಗಡಿ ಮಾಳಿಗೆ ಮೇಲೆ
ನನ್ನ ಕಂಪನಿ: ಎರಡು ಕುರ್ಚಿ, ಒಂದು ಯುಪಿಎಸ್ಸು,
ಸೀನಿದರೆ ಕೀಬೋರ್ಡಿನಿಂದ ಏಳುವ ಸೆಣಬಿನ ಧೂಳು.
ಮಂಡಕ್ಕಿ ಭಟ್ಟಿಗಳ ಬಿಲ್ಲು ಬರೆಯುವ ಆ್ಯಪು ನನ್ನದು.
ನನ್ನದು ಅಂತ ಬೋರ್ಡಿನ ಮೇಲಿದೆ.
ಒಳಗೆ ನನ್ನದೆಷ್ಟು ಅಂತ ಎಣಿಸಿರಲಿಲ್ಲ,
ಆ ಮಂಗಳವಾರದವರೆಗೆ.

ಬೆಳಗಿನ ಐದಕ್ಕೆ ಬುಡನ್ ಸಾಬರ ಫೋನು.
"ಏನಪಾ ಹಾಲೇಶಿ, ಚೀಟಿ ಬರವಲ್ದು.
ಲಾರಿ ನಿಂತೈತಿ, ಡ್ರೈವರ್ ಎರಡನೇ ಚಾ ಕುಡಿದ,
ನಿನ್ನ ಮಿಷನ್ನು ಬರೀ ಬಿಳೀ ನಾಲಿಗಿ ಚಾಚ್ತೈತಿ."
ಆಮೇಲೆ ಖುತೇಜಮ್ಮ, ಆಮೇಲೆ ಚಮನ್ ಸಾಬ್,
ಏಳರೊಳಗೆ ನಲವತ್ತೊಂದು ಭಟ್ಟಿ
ನನ್ನ ಒಂದೇ ಕಿವಿಯಲ್ಲಿ.

ಹುಡುಕಿದೆ. ನನ್ನ ಕೋಡಿನಲ್ಲಿ ತಪ್ಪಿಲ್ಲ.
ಅದು ಒರಗಿಕೊಂಡದ್ದರಲ್ಲಿ ಇಲ್ಲ,
ಅದು ಒರಗಿದ್ದರ ಕೆಳಗಿನದರಲ್ಲೂ ಇಲ್ಲ.
ಏಳು ಮೆಟ್ಟಿಲು ಇಳಿದರೆ ತಳದಲ್ಲಿ
ಹನ್ನೊಂದು ಸಾಲಿನ ಜಾಗ ಖಾಲಿ.
ತೂಕವನ್ನು ಅಳತೆಗೆ ತಿರುಗಿಸುವ ಪುಟ್ಟ ಲೆಕ್ಕ ಅದು.
ಬರೆದವರು ಯಾರೋ, ಯಾವೂರೋ,
ಹೆಸರಿನ ಜಾಗದಲ್ಲೊಂದು ಬಾತುಕೋಳಿ ಚಿತ್ರ.
ರಾತ್ರಿ ಕಿತ್ತುಕೊಂಡು ಹೋಗಿದ್ದಾರೆ,
ಒಂದೇ ಮಾತು ಬಿಟ್ಟು: ದಣಿದಿದ್ದೇನೆ.

ಮಧ್ಯಾಹ್ನ ಭಟ್ಟಿಗೆ ಹೋದೆ, ಮುಖ ತೋರಿಸಬೇಕಲ್ಲ.
ಸಾಬರು ಕಾರ್ಬನ್ ಇಟ್ಟು ಕೈಯಲ್ಲೇ ಬರೆಯುತ್ತಿದ್ದರು,
ಪಕ್ಕದಲ್ಲಿ ಕರೀ ಮರಳು ಕುದ್ದು
ಹಿಡಿ ಅಕ್ಕಿ ಹಾರಿ ಬುಟ್ಟಿಯಾಗುತ್ತಿತ್ತು.
ನಾನು ವಿವರಿಸಿದೆ: ಆ ಬಾತುಕೋಳಿಯ ಮೇಲೆ ಇನ್ನೊಬ್ಬ,
ಅವನ ಮೇಲೆ ಬ್ಯಾಂಕು, ಅದರ ಮಗ್ಗುಲಿಗೆ ವಿಮಾನದವರು,
ಎಲ್ಲೋ ತುದಿಯಲ್ಲಿ ನಾನು, ನನ್ನ ತುದಿಗೆ ನೀವು.

"ಅವನಿಗೆ ಎಷ್ಟು ಕೊಡ್ತಿದ್ದಿ?"
"ಏನಿಲ್ಲ. ಅದು ಫ್ರೀ."
"ಫ್ರೀ," ಅಂದರು, ಹಲ್ಲಿಗೆ ಮರಳು ಸಿಕ್ಕ ಹಾಗೆ.
"ನಮ್ಮಪ್ಪನ ಕಾಲ್ದಾಗ ಹೊಟ್ಟು ಫ್ರೀ ಇತ್ತು ನೋಡು.
ರೈಸ್‌ಮಿಲ್ಲಿನವರು, ಒಯ್ಯಪ್ಪ, ಜಾಗ ಖಾಲಿ ಆಗ್ಲಿ ಅಂತಿದ್ರು.
ಈಗ ಲೋಡಿಗಿಷ್ಟು ಅಂತ ರೇಟು. ಬೈಕೋತ ಕೊಡ್ತೀನಿ.
ಬೂದಿಗೆ ಇಟ್ಟಿಗಿಯವ ನನಗ ಕೊಡ್ತಾನ, ಅವನೂ ಬೈಕೋತ.
ನಿನ್ನ ಹೊಟ್ಟಿಗೆ ಮಾತ್ರ ಬೈಯೋರೂ ಇಲ್ಲ, ಕೊಡೋರೂ ಇಲ್ಲ."
ಒಲೆಯ ಬಾಯಿಗೆ ಒಂದು ಮೊರ ಸುರಿದು,
"ಈ ತಿಂಗಳ ಇನ್ನೂರರಾಗ ನೂರು ಹಿಡೀತೀನಿ," ಅಂದರು.

ರಾತ್ರಿ ಆ ಹನ್ನೊಂದು ಸಾಲು ನಾನೇ ಬರೆದೆ.
ಹದಿನಾಲ್ಕಾಯಿತು: ಕಿಲೋ ಜೊತೆಗೆ
ಪಲ್ಲ, ಸೇರು, ಪಾವು ಸೇರಿಸಿದ್ದಕ್ಕೆ.
ಯಾರಾದರೂ ಒಯ್ಯಲಿ ಅಂತ ಬಯಲಿಗಿಟ್ಟೆ.
ಬಾತುಕೋಳಿಗೂ ಒಂದು ಕಾಗದ ಬರೆದೆ:
ನಾಲ್ಕು ವರ್ಷ, ನಲವತ್ತೊಂದು ಒಲೆ,
ಹಿಡಿದ ನೂರು ಬಿಟ್ಟು ಉಳಿದದ್ದರಲ್ಲಿ ನಿನ್ನ ಬಾಕಿ ಎಷ್ಟು?
ಉತ್ತರ ಬರಲಿಲ್ಲ.

ಮೂರು ತಿಂಗಳ ಮೇಲೆ, ನಡುರಾತ್ರಿ ಒಂದೂವರೆಗೆ,
ಬರ್ಧಮಾನದಿಂದ ಯಾರೋ ಶೆಫಾಲಿ ಮಂಡಲ್.
ಅವರ ಊರಿನ ಭಟ್ಟಿಗಳೂ ನನ್ನ ಸೇರಿನ ಮೇಲೆ ನಿಂತಿವೆಯಂತೆ.
"ಸೇರಿನಿಂದ ಪಾವಿಗಿಳಿವಾಗ ಅರ್ಧ ಪಾವು ಸೋರುತ್ತಿದೆ.
ಬೆಳಿಗ್ಗೆ ಲಾರಿ ಇದೆ. ಯಾವಾಗ ಸರಿಮಾಡುತ್ತೀರಿ?"
ನಮಸ್ಕಾರವಿಲ್ಲ, ಥ್ಯಾಂಕ್ಸಿಲ್ಲ.

ಸಿಟ್ಟು ಬಂತು. ಈಕೆ ಯಾರು, ಎಷ್ಟು ಕೊಟ್ಟಿದ್ದಾಳೆ?
ದಣಿದಿದ್ದೇನೆ, ಅಂತ ಬರೆದೆ,
ಆ ಪದ ಪರದೆಯ ಮೇಲೆ ಬಾತುಕೋಳಿಯಂತೆ
ಕತ್ತು ಹೊರಳಿಸಿ ನನ್ನನ್ನೇ ನೋಡಿತು.

ಅಳಿಸಿದೆ. ಬೈಕೊಂಡೇ ಜರಡಿ ಹಿಡಿದು
ಅರ್ಧ ಪಾವು ಎಲ್ಲಿ ಸೋರಿತು ಅಂತ
ಇಳಿಯತೊಡಗಿದೆ.