ಶೂನ್ಯಮ್ಮ

ನಾಲ್ಕನೇ ಮಹಡಿಯ ಮೂಲೆಯಲ್ಲಿ ಎಂಟು ಮೇಜು,
ಕೆಟ್ಟ ಒಂದು ಪ್ರಿಂಟರು, ಕಿಟಕಿಯಾಚೆ ಗಾರ್ವೆಭಾವಿಪಾಳ್ಯದ ಫ್ಲೈಓವರು.
ಅಲ್ಲಿ ಕೂತು ಹನ್ನೊಂದು ವರ್ಷ ನಾವು
ಆಸ್ಪತ್ರೆಗಳ ಸಾಫ್ಟ್‌ವೇರಿಗಾಗಿ ಕಾಯಿಲೆ ಬೀಳುತ್ತಿದ್ದೆವು.

ಶೂನ್ಯಮ್ಮನನ್ನು ಹೆತ್ತವಳು ಸೆಲ್ವರಾಣಿ.
ಹುಟ್ಟಿದ ದಿನ ಫೆಬ್ರವರಿ ಇಪ್ಪತ್ತೊಂಬತ್ತು. ವಯಸ್ಸು ಸೊನ್ನೆ.
ಗಂಡನ ಹೆಸರಿನ ಜಾಗದಲ್ಲಿ ಬರೀ ಒಂದು ಅಲ್ಪವಿರಾಮ.
ಊರು ಬೆಂಗಳೂರು ಬೆಂಗಳೂರು ಬೆಂಗಳೂರು, ಪೆಟ್ಟಿಗೆ ಒಡೆಯುವವರೆಗೆ.
ರಿಲೀಸಿಗೊಮ್ಮೆ ವಾರ್ಡಿಗೆ ಸೇರಿದಳು,
ಇದ್ದಬದ್ದ ಮಾತ್ರೆಯನ್ನೆಲ್ಲ ನುಂಗಿದಳು,
ಎರಡು ಸಲ ಸತ್ತು ಮೂರು ಸಲ ಡಿಸ್ಚಾರ್ಜ್ ಆದಳು.
ಬಿಲ್ಲು ಮಾತ್ರ ಒಮ್ಮೆಯೂ ಕಟ್ಟಲಿಲ್ಲ ಪುಣ್ಯಾತ್ಗಿತ್ತಿ.

ಕೆಳಗಿನವರು ಬರೆದು ಮೇಲಕ್ಕೆ ಎಸೆಯುತ್ತಿದ್ದರು,
ನಾವು ತಪ್ಪು ಹಚ್ಚಿ ಕೆಳಕ್ಕೆ ಎಸೆಯುತ್ತಿದ್ದೆವು.
"ನನ್ನ ಮೆಷೀನಲ್ಲಿ ಓಡ್ತಿದೆಯಲ್ಲ ಮೇಡಂ?"
"ಹಾಗಾದ್ರೆ ನಿನ್ನ ಮೆಷೀನನ್ನೇ ಆಸ್ಪತ್ರೆಗೆ ಕಳಿಸಪ್ಪ."
ಇಷ್ಟು ಮಾತಿಗೆ ಎರಡು ವಾರ.
ಸುಳ್ಳು ಯಾಕೆ, ನಮ್ಮಿಂದ ತಡವೂ ಆಗುತ್ತಿತ್ತು:
ಬಂದ ಕೆಲಸ ನಮ್ಮ ಬಾಗಿಲಲ್ಲಿ ನಿಂತು ತೂಕಡಿಸುತ್ತಿತ್ತು
ಸಿಲ್ಕ್ ಬೋರ್ಡಿನ ಬಸ್ಸಿನ ಹಾಗೆ.
ನನಗೂ ಒಂದು ಗರ್ವ, ಸಣ್ಣದು:
ನಾನು ಬೇಡ ಅಂದರೆ ನಿಲ್ಲುತ್ತದೆ.

ಒಂದು ಸೋಮವಾರ ಗೋಡೆಗೆ ಹಳದಿ ಚೀಟಿ ಅಂಟಿಸಿ ಹೇಳಿದರು,
ಇನ್ನು ಟೆಸ್ಟಿಂಗ್ ತಂಡ ಇಲ್ಲ, ತಂಡದಲ್ಲೇ ಟೆಸ್ಟಿಂಗು.
ಲ್ಯಾಬಿಗೆ ಇಮ್ತಿಯಾಜ್, ಔಷಧಿಗೆ ನಾನು, ಬಿಲ್ಲಿಂಗಿಗೆ ಸೆಲ್ವರಾಣಿ.
ಚಂಗಪ್ಪ ಎಲ್ಲಿಯೂ ಸಲ್ಲದೆ ಮನೆಗೆ.
ಹಳೆಯ ಡೇಟಾಬೇಸ್ ಅಳಿಸಿದರು. ಶೂನ್ಯಮ್ಮ ಮೂರನೇ ಸಲ ಸತ್ತಳು.
ಈ ಸಲ ಯಾರೂ ದೂರು ಬರೆಯಲಿಲ್ಲ.

ಹೊಸ ತಂಡದಲ್ಲಿ ದಿನಾ ಬೆಳಿಗ್ಗೆ ಹದಿನೈದು ನಿಮಿಷ ನಿಲ್ಲಬೇಕು.
ನನ್ನ ಮಂಡಿ ನೋಡಿ ಕುರ್ಚಿ ತಂದಿಟ್ಟ ಹುಡುಗ, ನಿಕೇತ,
ಒಂದು ಸಾಲೂ ಬರೆಯುವ ಮುನ್ನ ಕೇಳಿದ:
"ಇದು ಎಲ್ಲಿ ಮುರೀಬಹುದು, ಅಕ್ಕ?"
ಹನ್ನೊಂದು ವರ್ಷ ಮುರಿದ ಮೇಲಷ್ಟೇ ನನ್ನನ್ನು ಕೇಳಿದ್ದರು.
ಉತ್ತರ ತಕ್ಷಣ ಹೊಳೆಯಲಿಲ್ಲ. ನೀರು ಕುಡಿದೆ.

ಆದರೂ ನಿಕೇತನ ಕಣ್ಣು ಅವನ ಚೀಟಿಯ ಮೇಲೆ,
ಪಕ್ಕದವರ ಕಣ್ಣು ಅವರವರ ಚೀಟಿಯ ಮೇಲೆ.
ಗೋಡೆ ನಿಮ್ಮದು, ಬಾಗಿಲು ನಮ್ಮದು,
ಇರುವೆ ಬರುವ ಸಂದು ಯಾರದ್ದು?

ಗುರುವಾರ ಮೂರೂವರೆಗೆ ಯಾರೂ ಕರೆಯದೆ
ಮೆಟ್ರೋ ಕಂಬದ ಕೆಳಗಿನ ಕಬ್ಬಿನ ಹಾಲಿನ ಗಾಡಿಗೆ
ಒಬ್ಬೊಬ್ಬರೇ ಬಂದು ನಿಲ್ಲುತ್ತೇವೆ. ಕ್ಯಾಲೆಂಡರಿನಲ್ಲಿ ಇದಕ್ಕೆ ಹೆಸರಿಲ್ಲ.
ಚಂಗಪ್ಪನೂ ಬರುತ್ತಾನೆ, ಹೆಲ್ಮೆಟ್ ತೆಗೆಯುವುದಿಲ್ಲ.
ಮೊನ್ನೆ ಇಮ್ತಿಯಾಜ್ ಲೋಟ ಹಿಡಿದು ಅಂದ,
"ನಮ್ಮ ಶೂನ್ಯಮ್ಮಂಗೆ ಏಪ್ರಿಲ್ ಮೂರಕ್ಕೆ ರಕ್ತ ಪರೀಕ್ಷೆ."
ಅವನೂ ಗುಟ್ಟಾಗಿ ಬದುಕಿಸಿಕೊಂಡಿದ್ದ, ನನ್ನ ಹಾಗೆಯೇ!
"ನಮ್ಮವಳಿಗೆ ಮಾರ್ಚ್ ನಾಲ್ಕಕ್ಕೇ ಇಂಜೆಕ್ಷನ್ ಆಯ್ತು," ಎಂದೆ.

ಇಬ್ಬರೂ ಒತ್ತಿದ್ದು ಒಂದೇ: ಸೊನ್ನೆ ಮೂರು, ಸೊನ್ನೆ ನಾಲ್ಕು.
ಲ್ಯಾಬಿಗೆ ದಿನ ಮೊದಲು, ಔಷಧಿಗೆ ತಿಂಗಳು ಮೊದಲು.
ಎರಡೂ ತಂಡದ ಗೋಡೆಯಲ್ಲಿ ಹಸಿರೋ ಹಸಿರು.
ಪರೀಕ್ಷೆಗೆ ಮೂವತ್ತು ದಿನ ಮುಂಚೆ ಸೂಜಿ ಚುಚ್ಚಿಸಿಕೊಂಡು
ಶೂನ್ಯಮ್ಮ ನಮ್ಮಿಬ್ಬರ ನಡುವೆ ನಿಂತಿದ್ದಳು,
ಸಿಪ್ಪೆಯ ರಾಶಿಯ ಪಕ್ಕ.

ಸೆಲ್ವರಾಣಿ ಲೋಟ ಕೆಳಗಿಟ್ಟಳು.
"ಯಾವ ತಂಡದ ಹೆಸರಲ್ಲಿ ಬರೆಯೋದು ಇದನ್ನ?"

ಮೇಲೆ ಬಂದು ಫಾರಂ ತೆರೆದೆ.
ತಂಡ ಎಂಬ ಪೆಟ್ಟಿಗೆ ಖಾಲಿ ಬಿಡಲು ಬರುವುದಿಲ್ಲ.
ಅಲ್ಪವಿರಾಮ ಹಾಕಿದೆ. ತೆಗೆದುಕೊಂಡಿತು.
ಅದೂ ಒಂದು ತಪ್ಪೇ.
ಮುಂದಿನ ಗುರುವಾರ ಹೇಳಬೇಕು.