ಗದ್ದೆಯೊಂದಿಗೆ ಬಂದವರು

ಮಡಿಕೇರಿ ಕೋಟೆಯ ಹಿಂದುಗಡೆಯ ಕೋಣೆಯಲ್ಲಿ
ಕೆಂಪು ಬಟ್ಟೆಯ ಗಂಟು ಬಿಚ್ಚಿದರೆ ಮೊದಲು ಸಿಕ್ಕುವುದು
ಸತ್ತ ಬೆಳ್ಳಿಹುಳ. ಆಮೇಲೆ ದೊರೆ.

ನನಗೆ ಕೊಟ್ಟ ಕೆಲಸ ಸಣ್ಣದು.
ಪಾಲಿಬೆಟ್ಟದಾಚೆಯ ಹೂದೋಟಕ್ಕೆ, ಟಿಕೆಟ್ ಕೌಂಟರಿನ ಪಕ್ಕ,
ಒಂದು ಕಲ್ಲು ನಿಲ್ಲಿಸುತ್ತಾರಂತೆ.
ಅರವತ್ತು ಪದ ಬರೆದುಕೊಡಬೇಕು.
‘ಸ್ಥಾಪಕ’ ಎನ್ನುವುದು ಇರಲೇಬೇಕು.

ಹೆಸರು ಮಾಂಕ್ರೀಫ್. ಜನರ ಬಾಯಲ್ಲಿ ಮಂಕರಿ ದೊರೆ.
ಮಂಕರಿ ಹೊತ್ತವರು ಬೇರೆ.

ಕೈಬರಹ ಚೆಂದ, ಒಪ್ಪಬೇಕು.
ಒಂದೊಂದು ಗುಲಾಬಿಗೂ ಊರು, ತಾಯಿಗಿಡ, ಬಂದ ಹಡಗು,
ಕಣ್ಣೂರಿಂದ ಪೆರುಂಬಾಡಿ ಘಾಟಿ ಹತ್ತಿದ ಗಾಡಿ,
ದಾರಿಯಲ್ಲಿ ನೀರು ಕುಡಿಸಿದ್ದು ಎಷ್ಟು ಸಲ.
ಕೆಮೀಲಿಯಾ ಒಣಗಿದ ದಿನ ಶಾಯಿ ಕದಡಿದೆ.
ಅತ್ತನೋ, ಮಾಡು ಸೋರಿತೋ,
ಕಾಗದ ಹೇಳುವುದಿಲ್ಲ.

ಪುಟದ ಮೇಲರ್ಧ ಇಂಗ್ಲಿಷು, ಅವನದು.
ತಳದಲ್ಲಿ ಕನ್ನಡ. ಪಾರುಪತ್ಯಗಾರ ಸುಬ್ಬಪ್ಪಯ್ಯನದು:
‘ಗದ್ದೆಯೊಂದಿಗೆ ಬಂದವರು, ಹದಿನೇಳು.’

ನನ್ನ ಭಾಷೆ.
ನಾನು ಹಾಲು ಕೇಳಿದ ಭಾಷೆ.
ಬದು ಬಂದ ಹಾಗೆ, ತೋಡು ಬಂದ ಹಾಗೆ,
ಬಾವಿ ಕೊಂಡರೆ ರಾಟೆ ಬರುವ ಹಾಗೆ
ಬಂದವರು.

ಮೊದಲು ‘ಜಮ್ಮದಾಳು’ ಎಂದು ಬರೆದಿದ್ದಾನೆ, ಹೊಡೆದುಹಾಕಿದ್ದಾನೆ.
ಆ ಪದಕ್ಕೆ ಆಗಲೇ ಕಾಯಿದೆ ಬಂದಿತ್ತು.
ಮೇಲೆ ತಿದ್ದಿದ್ದು: ‘ಸಾಲದಾಳು’.
ಎಷ್ಟು ಸಾಲ? ಯಾರು ಕೊಟ್ಟದ್ದು? ಆ ಕಾಲಂ ಇಲ್ಲ.
ಗೆರೆಯ ಕೆಳಗಿನ ಹಳೆಯ ಪದ
ಹೊಸದಕ್ಕಿಂತ ಚೆನ್ನಾಗಿ ಓದಲು ಬರುತ್ತದೆ.

ಬೊಳಕ. ಬೊಳಕನ ಹೆಂಡತಿ. ಬೊಳಕನ ಹೆಂಡತಿಯ ತಾಯಿ, ಮುದಿ, ಭತ್ತ ಇಲ್ಲ.
ಕರಿಯನೆಂಬುವನು ಇಬ್ಬರು.
‘ಹುಡುಗಿ, ಕಾಲು ಊನ, ಅರ್ಧ ಸೇರು.’
ಮಿಕ್ಕವರಿಗೆ ಒಂದೊಂದು ಅಡ್ಡಗೆರೆ,
ಎಣಿಸುವಾಗ ಹುಲ್ಲಿನ ಹೊರೆಗೆ ಹಾಕುವಂಥದ್ದು.

ಮಾರಿದವನ ಮನೆತನದ ಹೆಸರೂ ಇದೆ.
ಈಗಲೂ ಇದೆ. ವಿರಾಜಪೇಟೆಯಲ್ಲಿ, ಅಂಗಡಿ ಬೋರ್ಡಿನ ಮೇಲೆ.
ಹೋದ ವಾರ ಅಲ್ಲೇ ನಾನು ಕೊಡೆ ಕೊಂಡದ್ದು.
ಒಳ್ಳೆಯ ಮನುಷ್ಯ. ಚಿಲ್ಲರೆ ಇಲ್ಲವೆಂದು ಎರಡು ರೂಪಾಯಿ ಬಿಟ್ಟ.

ಸಾಹೇಬರಿಗೆ ತೋರಿಸಿದೆ.
ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.
‘ಪಾಪ’ ಅಂದರು.
ಆಮೇಲೆ, ‘ಕಲ್ಲಿಗೆ ಅಕ್ಷರದ ಲೆಕ್ಕದಲ್ಲಿ ದುಡ್ಡು, ಗೊತ್ತಲ್ಲ.’

ಇನ್ನೂ ಹನ್ನೊಂದು ಪುಟ ದಾಟಿದರೆ ಕಕ್ಕಡ ಮಾಸ,
ಊರೆಲ್ಲ ಮದ್ದುಸೊಪ್ಪಿನ ಪಾಯಸ ಉಂಡ ಮಾರನೆಯ ದಿನ,
ಆ ಕಾಲು ಊನದ ಹುಡುಗಿಗೆ
ಇದ್ದಕ್ಕಿದ್ದಂತೆ ಒಂದು ಹೆಸರು ಬರುತ್ತದೆ.
ಬೊಳ್ಳಚ್ಚಿ.
ಓಡಿಹೋಗಿದ್ದಾಳೆ.
ಹುಡುಕುವುದಕ್ಕೆ ಹೆಸರು ಬೇಕಾಗುತ್ತದೆ.

‘ಬೊಳ್ಳಚ್ಚಿಯನ್ನು ಹುಡುಕಲು, ಇಬ್ಬರಿಗೆ ಬತ್ತೆ, ಹನ್ನೆರಡಾಣೆ.’
‘ಬೊಳ್ಳಚ್ಚಿಯ ಬಗ್ಗೆ ವೈನಾಡಿಗೆ ಕಾಗದ, ಎರಡಾಣೆ.’
‘ಕುಟ್ಟದ ಗಡಿಯಲ್ಲಿ ವಿಚಾರಿಸಿದ್ದು, ಹೊಗೆಸೊಪ್ಪು, ಒಂದಾಣೆ.’
ಅದೇ ವಾರ ದೊರೆಗೆ ಸಿಲೋನಿನಿಂದ ಜರೀಗಿಡ.
ಎಲ್ಲವೂ ಬದುಕಿವೆಯೆಂದು ಸಂತೋಷದ ಸಹಿ.

ಊನದ ಕಾಲು. ಬರೆಯದ ವಯಸ್ಸು.
ಲಕ್ಷ್ಮಣತೀರ್ಥ ತುಂಬಿ ಹರಿಯುವ ತಿಂಗಳು.
ಹೊಳೆ ಏನು ಮಾಡಿತೋ
ನಾನು ಊಹಿಸುವುದಿಲ್ಲ.

ಅರವತ್ತು ಪದ ಇನ್ನೂ ಬರೆದಿಲ್ಲ.
ಸ್ಕ್ಯಾನರಿನ ಮುಚ್ಚಳ ಎತ್ತಿ ಪುಟ ಮಗುಚಿಟ್ಟೆ.
ಖರ್ಚಿನ ಸಾಲು ತುಂಬಿದೆ. ಪಕ್ಕದಲ್ಲಿ
‘ಸಿಕ್ಕಿದ್ದು’ ಎಂಬ ಮನೆ,
ಅದರಲ್ಲಿ ಏನೂ ಇಲ್ಲ.

ಸ್ಪಷ್ಟವಾಗಿ ಬರಲಿ ಎಂದು
ಅದನ್ನು ಎರಡು ಸಲ ತೆಗೆದೆ.