ಔಟ್‌ಟರ್ನ್

ಸಿದ್ದಾಪುರದ ಮೊಯ್ದು ಕಾಕನ ಕಾಫಿ ಅಂಗಡಿಯಲ್ಲಿ
ಹತ್ತೊಂಬತ್ತು ವರ್ಷದಿಂದ ನನ್ನದು ಒಂದೇ ಕೆಲಸ:
ಚೀಲಕ್ಕೆ ಕೊಳವೆ ಚುಚ್ಚಿ ಹಿಡಿ ಚೆರಿ ತೆಗೆಯುವುದು,
ಕುಟ್ಟುವುದು, ಊದುವುದು, ತೂಗುವುದು.
ಐವತ್ತು ಕೆಜಿ ಚೀಲ. ಬೀಜ ಇಪ್ಪತ್ತಾರೂವರೆ.
ಉಳಿದದ್ದು ಸಿಪ್ಪೆ.

ಇವತ್ತು ಬ್ಯಾಂಕಿನ ಹುಡುಗಿ ರೇಷ್ನಾ
ಎರಡು ಕಾರ್ಡಿನ ಚಿತ್ರ ತಕ್ಕಡಿಯ ಪಕ್ಕ ಇಟ್ಟಳು.
ನೀಲಿಗೆ ನೂರಕ್ಕೆ ಐದು ವಾಪಸ್,
ಕಪ್ಪಿಗೆ ಒಂದೂವರೆ, "ಆದ್ರೆ ಎಲ್ಲದಕ್ಕೂ ಸಿಗ್ತದೆ ಅಕ್ಕಾ."

ಕೈ ಸುಮ್ಮನಿರುತ್ತದೆಯೇ. ಕುಟ್ಟಿದೆ.
ನೀಲಿ ತಿಂಗಳಿಗೆ ಇನ್ನೂರು ದಾಟದು;
ಪೆಟ್ರೋಲು, ಬಾಡಿಗೆ, ಮಗಳ ಫೀಸು
ಲೆಕ್ಕಕ್ಕೇ ಇಲ್ಲ.
ವರ್ಷಕ್ಕೆ ಸಾವಿರಕ್ಕೊಂದು ಕಮ್ಮಿ, ಮೇಲೆ ಜಿಎಸ್‌ಟಿ.
ಊದಿದೆ.
ಕಪ್ಪು: ಕಂತು ಒಂದು ದಿನ ತಡವಾದರೆ
ಬಡ್ಡಿ, ಸಾಮಾನು ಕೊಂಡ ದಿನದಿಂದಲೇ.
ಅದು ಹಾಳೆಯ ಬುಡದಲ್ಲಿತ್ತು,
ಕರಿಮೆಣಸಿನ ಧೂಳಿನಷ್ಟು ಸಣ್ಣಗೆ.

"ಬೀಜ ಎಷ್ಟು ಬಂತು?" ಒಳಗಿಂದ ಕಾಕ.
ರೇಷ್ನಾಗೆ ಅರ್ಥವಾಗಲಿಲ್ಲ, ನಕ್ಕಳು.
ಅವಳ ಚಪ್ಪಲಿಯ ಉಂಗುಷ್ಟ
ಒಂದು ಸೇಫ್ಟಿ ಪಿನ್ನಿನ ಮೇಲೆ ನಿಂತಿತ್ತು.
ತಿಂಗಳು ಮುಗಿಯಲು ಮೂರು ದಿನ,
ಇನ್ನೂ ಏಳು ಕಾರ್ಡು ಬಾಕಿಯಂತೆ.

ಪೆನ್ನು ತೆಗೆದು ಕಪ್ಪಿಗೆ ಸಹಿ ಹಾಕಿದೆ.
"ತೇವ ಜಾಸ್ತಿ ಕಾಕ," ಅಂದೆ,
"ಈ ಚೀಲದ ಔಟ್‌ಟರ್ನ್ ಇವತ್ತು ಹೇಳೋಕಾಗಲ್ಲ."